ಬಾಗಿಲು ತಟ್ಟುವ ಕಥೆಗಳು

ಬೇಸಿಗೆ ರಜೆಗೆ ನಾಲ್ಕು ದಿನ ಮುಂಚೆ ನಮ್ಮ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಗಣಿತದ ಮೇಡಂ ನನ್ನ ಪಕ್ಕ ಕುಳಿತು, “ರಜೇಲಿ ಓದೋದಕ್ಕೆ ಒಳ್ಳೆ ದೆವ್ವದ ಪುಸ್ತಕ ಇದ್ರೆ ಹೇಳಿ ಮೇಡಂ. ಹಳೇದೂ ಇರಲಿ, ಹೊಸದೂ ಇರಲಿ. ಆದ್ರೆ ಚೆನ್ನಾಗಿ ಭಯ ಆಗಬೇಕು” ಎಂದಳು. ಹಿಂದಿ ಮೇಡಂ ಕಾಪಿ ತಿದ್ದುತ್ತಿದ್ದವರು ತಲೆಯೆತ್ತಿ, “ಶಾಲೆ ಫೀಸಿನ ಚೀಟಿ ನೋಡಿದ್ರೆ ಸಾಲದೇನಮ್ಮ ಭಯಕ್ಕೆ?” ಎಂದರು. ಎಲ್ಲರೂ ನಕ್ಕೆವು.

ನಗು ಮುಗಿದ ಮೇಲೂ ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಲೇ ಇದ್ದಳು. ನಾನು ಈ ಜಾತಿಯ ಪುಸ್ತಕಗಳನ್ನು ಓದುತ್ತೇನೆಂಬುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಐವತ್ತು ದಾಟಿದ ಹೆಂಗಸು, ಕನ್ನಡ ಮತ್ತು ಇಂಗ್ಲಿಷ್ ಪಾಠ ಮಾಡುವವಳು, ದೆವ್ವದ ಕಥೆ ಓದುವುದೇ ಎಂದು ನೀವೂ ನಗಬಹುದು. ಆದರೆ ಪಟ್ಟಿ ಕೊಡುವುದು ಅಷ್ಟು ಸುಲಭವಲ್ಲ. ನನ್ನ ಪಟ್ಟಿಗೆ ಒಂದು ಚರಿತ್ರೆ ಇದೆ. ಅದನ್ನು ಹೇಳದೆ ಪಟ್ಟಿಯನ್ನಷ್ಟೇ ಕೊಟ್ಟರೆ ಮೋಸವಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ನಮ್ಮ ಬಾಯಲ್ಲಿ ಕೆ.ಜಿ.ಎಫ್. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ನಮ್ಮೂರಿಗೆ. ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಹಾಗೆ ನೋಡಿದರೆ ನಮ್ಮೂರಿನಲ್ಲಿ ದೆವ್ವಗಳಿಗೆ ಜಾಗವೇ ಇರಬಾರದಿತ್ತು. ಆದರೆ ಬೆಳಕು ಮೇಲಿನ ಊರಿಗೆ. ಕೆಳಗೆ ಇನ್ನೊಂದು ಊರಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಭೂಮಿಯೊಳಗೆ ಇಳಿದಿತ್ತು. ಅಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿದರೆ ಮೇಲೆ ನಮ್ಮ ಮನೆಯ ಅಟ್ಟದ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಅಮ್ಮ ಒಲೆಯ ಮುಂದೆ ಕೈ ಹಾಗೇ ನಿಲ್ಲಿಸುತ್ತಿದ್ದಳು. ಸಾಲು ಮನೆಗಳ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

ನಮ್ಮ ತಂದೆ ಕೆಳಗೆ ಇಳಿಯುವವರಲ್ಲ. ಶಾಫ್ಟಿನ ಬಳಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಇಳಿದವರ ಲೆಕ್ಕ, ಹತ್ತಿ ಬಂದವರ ಲೆಕ್ಕ ಬರೆಯುವುದು ಅವರ ಕೆಲಸ. ಎರಡು ಲೆಕ್ಕವೂ ತಾಳೆಯಾದರೆ ಮನೆಗೆ ಬಂದು ಊಟ. ತಾಳೆಯಾಗದ ದಿನ ಯಾರದೋ ಮನೆಗೆ ಸುದ್ದಿ ತೆಗೆದುಕೊಂಡು ಹೋಗಬೇಕು. ಕನ್ನಡ, ತಮಿಳು, ತೆಲುಗು ಮೂರೂ ಬರುತ್ತಿದ್ದುದರಿಂದ ಬಹಳ ಸಲ ಆ ಕೆಲಸ ಅವರ ಪಾಲಿಗೇ ಬೀಳುತ್ತಿತ್ತು. ಆದ್ದರಿಂದಲೋ ಏನೋ, ಅವರು ನಮ್ಮ ಮನೆಯ ಬಾಗಿಲನ್ನು ಒಂದು ದಿನವೂ ತಟ್ಟಿದವರಲ್ಲ. ಬೀದಿಯ ತುದಿಯಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಾ ಬರುತ್ತಿದ್ದರು. ತಟ್ಟುವ ಸದ್ದೆಂದರೆ ಏನೆಂದು ಅವರಿಗೆ ಗೊತ್ತಿತ್ತು.

ತಟ್ಟುವ ಸದ್ದಿನ ಇನ್ನೊಂದು ಕಥೆಯನ್ನು ಬಹಳ ವರ್ಷದ ಮೇಲೆ ಓದಿದೆ. ಬ್ರಿಟಿಷರ ಕಾಲದಲ್ಲಿ ಜಾನ್ ಟೇಲರ್ ಕಂಪನಿಯ ಹಿಂದೆಯೇ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರು ನಮ್ಮೂರಿಗೆ ಬಂದಿದ್ದರಷ್ಟೆ. ಅವರ ನಾಡಿನಲ್ಲಿ ‘ನಾಕರ್ಸ್’, ಎಂದರೆ ತಟ್ಟುವವರು, ಎಂಬ ಕುಳ್ಳ ಭೂತಗಳ ನಂಬಿಕೆಯಿತ್ತು. ಗಣಿಯ ಗೋಡೆಯೊಳಗಿಂದ ಟಕ್ ಟಕ್ ಎಂದು ತಟ್ಟಿ ಕುಸಿತದ ಮುನ್ಸೂಚನೆ ಕೊಡುತ್ತವೆಯಂತೆ. ಅವುಗಳಿಗೆಂದು ತಿಂಡಿಯ ಕೊನೆಯ ತುಣುಕನ್ನು ಬಿಟ್ಟು ಬರುತ್ತಿದ್ದರಂತೆ. ಆಸರೆಯ ಮರಗಳು ಭಾರಕ್ಕೆ ಬಿರಿಯುವ ಸದ್ದು ಅದು ಎಂದು ಈಗ ವಿವರಿಸಬಹುದು. ಆದರೆ ಕತ್ತಲಲ್ಲಿ ಕೆಲಸ ಮಾಡುವವನಿಗೆ ಬಂಡೆಗಿಂತ ಒಬ್ಬ ಕುಳ್ಳನೇ ಹತ್ತಿರದವನು. ಅವನೊಡನೆ ತಿಂಡಿ ಹಂಚಿಕೊಳ್ಳಬಹುದು.

ಕೆ.ಜಿ.ಎಫ್.ನಲ್ಲಿ ವಿಜ್ಞಾನಿಗಳೇ ಹಿಡಿದ ಒಂದು ಭೂತವೂ ಇದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳೊಡನೆ ಸೇರಿ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಕಂಡರು. ಎಲ್ಲವನ್ನೂ ತೂರಿಕೊಂಡು ಹೋಗುವ ಆ ಕಣಕ್ಕೆ ‘ಭೂತಕಣ’ ಎಂದೇ ಅಡ್ಡಹೆಸರು. ಈ ಭೂತ ಮಾತ್ರ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ತಟ್ಟದೆಯೇ ಒಳಗೆ ಬಂದು ಹೋಗುತ್ತದೆ.

ಇಂಥ ಊರಿನಲ್ಲಿ ನನ್ನ ಮೊದಲ ಭಯದ ಪುಸ್ತಕ ‘ಚಂದಮಾಮ’. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ನಿಮಗೂ ನೆನಪಿರಬೇಕು. ಅದನ್ನು ಬರೆದವರು ಶಂಕರ್ ಎಂಬ ಕಲಾವಿದರು. ಬೇತಾಳನಿಗೆ ನಾನು ಹೆದರಲಿಲ್ಲ. ಅವನು ಕೊನೆಯಲ್ಲಿ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಕೇಳುವ ದೆವ್ವ ಮೇಷ್ಟರಿಗಿಂತ ಕೆಟ್ಟದ್ದಲ್ಲ ಎಂದು ಆಗಲೇ ತೀರ್ಮಾನಿಸಿದ್ದೆ.

ಬಿ.ಎ. ಓದುವಾಗ ಕನ್ನಡದ ಹಳೆಯ ಕಾವ್ಯಗಳಲ್ಲೇ ಇಷ್ಟು ಭಯವಿದೆಯಲ್ಲ ಎಂದು ಬೆರಗಾಯಿತು. ನವರಸಗಳಲ್ಲಿ ಭಯಾನಕವೂ ಒಂದು ಎಂದು ಬಾಯಿಪಾಠ ಮಾಡುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ. ರನ್ನನ ‘ಗದಾಯುದ್ಧ’ ತೆಗೆದು ನೋಡಿ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ ಕಾಲಿಡುತ್ತಾ ನಡೆಯುವಾಗ ಮರುಳುಗಳು ಅವನನ್ನು ಗೇಲಿ ಮಾಡುತ್ತವೆ. ಹಳಗನ್ನಡದಲ್ಲಿ ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಇಷ್ಟು ಜನರನ್ನು ಕೊಲ್ಲಿಸಿದವನ ಮುಂದೆ ಹೆಣ ತಿನ್ನುವ ಮರುಳು ಎಷ್ಟರದು ಎಂದು ನಮಗೇ ಅನ್ನಿಸುತ್ತದೆ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಜನ್ನನ ‘ಯಶೋಧರ ಚರಿತೆ’. 1209ರ ಕಾವ್ಯ. ಚಂಡಮಾರಿಯ ಗುಡಿಗೆ ನರಬಲಿಗಾಗಿ ಅಣ್ಣ ತಂಗಿಯರಿಬ್ಬರನ್ನು ಹಿಡಿದು ತರುವಲ್ಲಿಂದ ಕಥೆ ಶುರುವಾಗುತ್ತದೆ. ಅವರು ಹೇಳುವ ಪೂರ್ವಜನ್ಮದ ಕಥೆಯಲ್ಲಿ ಯಶೋಧರ ರಾಜ ಜೀವ ತೆಗೆಯಲಾರದೆ, ತಾಯಿಯ ಮಾತು ಮೀರಲೂ ಆರದೆ, ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಬಲಿ ಕೊಡುತ್ತಾನೆ. ಕತ್ತಿ ತಾಗಿದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ! ಬರೀ ಹಿಟ್ಟು ತಾನೇ ಎಂದು ನಾವು ಹೇಳಿಕೊಳ್ಳುವ ಸಮಾಧಾನಕ್ಕೆಲ್ಲ ಆ ಒಂದು ಕೂಗು ಉತ್ತರ. ಗಿರೀಶ ಕಾರ್ನಾಡರು ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ ನಾಟಕ ಬರೆದರು. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಜನ್ನನದು. ಹಳಗನ್ನಡ ಕಷ್ಟವಾದರೆ ಗದ್ಯಾನುವಾದ ಓದಿ, ನಾಚಿಕೆಯೇನಿಲ್ಲ.

ಪಶ್ಚಿಮದವರಲ್ಲಿ ಎಲ್ಲರೂ ಮೊದಲು ಹೇಳುವುದು 1897ರ ‘ಡ್ರಾಕುಲಾ’. ಓದಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕಿಂತ ಮುಂಚೆ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಓದಿ. 1815ರಲ್ಲಿ ತಾಂಬೊರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರದೆ ಮಳೆ ಹಿಡಿದು ಕುಳಿತಾಗ, ಜಿನೀವಾ ಸರೋವರದ ದಡದಲ್ಲಿ ಗೆಳೆಯರು ಸೇರಿ ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದರು. ಮೇರಿಗೆ ಆಗ 18 ವರ್ಷ. ಹಿಂದಿನ ವರ್ಷವಷ್ಟೇ ಹಸುಗೂಸನ್ನು ಕಳೆದುಕೊಂಡಿದ್ದಳು. ತನ್ನನ್ನು ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಿದ್ದಳು. ಅಂಥ ಹುಡುಗಿ ಬರೆದ ಪುಸ್ತಕ 1818ರಲ್ಲಿ ಹೆಸರಿಲ್ಲದೆ ಅಚ್ಚಾಯಿತು. ಅದರಲ್ಲಿ ಸೃಷ್ಟಿಯಾದ ಆ ವಿಕಾರ ಜೀವಿ ಒಂದು ದಿನ ಧೈರ್ಯ ಮಾಡಿ ಒಂದು ಗುಡಿಸಿಲ ಬಾಗಿಲು ತಟ್ಟುತ್ತದೆ. ಒಳಗಿರುವ ಕುರುಡ ಮುದುಕ ಬಾ ಎಂದು ಕರೆದು ಕೂರಿಸುತ್ತಾನೆ. ಕಣ್ಣಿರುವ ಮಕ್ಕಳು ಬಂದವರೇ ಅದನ್ನು ಹೊಡೆದು ಓಡಿಸುತ್ತಾರೆ. ಅಲ್ಲಿಂದ ಮುಂದೆ ಅದು ರಾಕ್ಷಸ.

ರವೀಂದ್ರನಾಥ ಠಾಕೂರರನ್ನು ಮರೆಯಬೇಡಿ. 1895ರ ‘ಕ್ಷುಧಿತ ಪಾಷಾಣ’ದಲ್ಲಿ ಒಂದು ಪಾಳು ಅರಮನೆಗೇ ಹಸಿವು. 1892ರ ‘ಕಂಕಾಲ’ದಲ್ಲಿ, ಮಕ್ಕಳಿಗೆ ಮೂಳೆಗಳ ಪಾಠ ಹೇಳಿಕೊಡಲು ತಂದಿಟ್ಟಿದ್ದ ಅಸ್ಥಿಪಂಜರದ ಒಡತಿ ಒಂದು ರಾತ್ರಿ ಬಂದು ತನ್ನ ಕಥೆ ಹೇಳುತ್ತಾಳೆ. ಅವಳಿಗೆ ಯಾರನ್ನೂ ಹೆದರಿಸಬೇಕಿಲ್ಲ. ತಾನೂ ಒಂದು ಕಾಲಕ್ಕೆ ಚೆಲುವೆಯಾದ ಹೆಣ್ಣಾಗಿದ್ದೆ ಎಂದು ಯಾರಾದರೂ ಕೇಳಿಸಿಕೊಂಡರೆ ಸಾಕು.

ಇನ್ನು ನನ್ನ ಸ್ವಂತ ಚರಿತ್ರೆ. ಕೆಲಸ ಸಿಕ್ಕು, ಮದುವೆಯಾಗಿ, ನಾನು ಬಂಗಾರಪೇಟೆಗೆ ಬಂದೆ. ಮೈಸೂರಿನ ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯೇ ಆಮೇಲೆ ಬಂಗಾರಪೇಟೆಯಾದದ್ದು. ಯಜಮಾನರು ರೈಲ್ವೆಯಲ್ಲಿ, ತಿಂಗಳಲ್ಲಿ ಅರ್ಧ ರಾತ್ರಿಪಾಳಿ. ಅತ್ತೆ, ನಾನು, ಕೈಗೂಸು. ರಾತ್ರಿ ನಿದ್ದೆ ಬಾರದಾಗ ಕೈಗೆ ಬಂದದ್ದು ಬಾಡಿಗೆ ಲೈಬ್ರರಿಯ ಕಾದಂಬರಿಗಳು.

ಅದು ಮಾಟಮಂತ್ರದ ಕಾದಂಬರಿಗಳ ಸುಗ್ಗಿಯ ಕಾಲ. ಎಂಬತ್ತರ ದಶಕದಲ್ಲಿ ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ನಮ್ಮ ಕಡೆ ಮನೆಮಾತಾಗಿತ್ತು. ತೆಲುಗು ಬರುವವರು ತೆಲುಗಿನಲ್ಲಿ, ನಮ್ಮಂಥವರು ಕನ್ನಡದಲ್ಲಿ ಓದಿದೆವು. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಕನ್ನಡದಲ್ಲಿ ಚಲನಚಿತ್ರ ಮಾಡಿದರು. ಓದುಗರನ್ನು ಹಿಡಿದು ಕೂರಿಸುವ ವಿದ್ಯೆ ಆ ಲೇಖಕರಿಗೆ ಚೆನ್ನಾಗಿ ಗೊತ್ತಿತ್ತು. ಆ ಯಶಸ್ಸು ನೋಡಿ ಆಮೇಲೆ ಬಂದವು ಲೆಕ್ಕವಿಲ್ಲದಷ್ಟು. ಹೆಸರೂ ನೆನಪಿಲ್ಲ. ಒಂದು ಮಾತ್ರ ನೆನಪಿದೆ: ನಾನು ಓದಿದ ಬಹುಪಾಲು ಪುಸ್ತಕಗಳಲ್ಲಿ ಕೇಡು ಮಾಡುವವಳು ಒಬ್ಬಳೇ ಇರುವ ಮುದುಕಿ. ಗಂಡನಿಲ್ಲದವಳು, ಮಕ್ಕಳು ದೂರವಿರುವವಳು, ಕಣ್ಣಲ್ಲಿ ಹೂ ಬಿದ್ದವಳು.

ನಮ್ಮ ಬೀದಿಯ ಕೊನೆಯಲ್ಲಿ ಅಂಥವಳೊಬ್ಬಳಿದ್ದಳು. ಎಲ್ಲರೂ ಪಾಟಿ ಎನ್ನುತ್ತಿದ್ದರು, ತಮಿಳಿನಲ್ಲಿ ಅಜ್ಜಿ. ಗಂಡ ಗಣಿಯಲ್ಲಿ ಹೋದವನು. ಬೆಳಿಗ್ಗೆ ಇಡ್ಲಿ ಮಾಡಿ ಮಾರುತ್ತಿದ್ದಳು. ಎಡಗಣ್ಣು ಪೂರಾ ಬಿಳಿಚಿತ್ತು. ಮೊದಮೊದಲು ನಾನೇ ಮಗುವನ್ನು ಅವಳ ಕೈಗೆ ಕೊಡುತ್ತಿದ್ದೆ. ಕಾದಂಬರಿಗಳು ಹತ್ತು, ಹದಿನೈದು ಆಗುವಷ್ಟರಲ್ಲಿ ಕೊಡುವುದು ನಿಂತಿತ್ತು. ಯಾಕೆಂದು ಯಾರಾದರೂ ಕೇಳಿದ್ದರೆ, “ಕೈ ತೊಳೆದಿರೋದಿಲ್ಲ” ಎನ್ನುತ್ತಿದ್ದೆ.

ಆ ಹೊತ್ತಿಗೇ, ತೊಂಬತ್ತರ ದಶಕದ ನಡುವೆ, ‘ನಾಳೆ ಬಾ’ ಬಂದದ್ದು. ನಿಮಗೆ ನೆನಪಿರಬಹುದು, ಬೆಂಗಳೂರಿನಲ್ಲಿ, ಹಳ್ಳಿಹಳ್ಳಿಗಳಲ್ಲಿ ಬಾಗಿಲುಗಳ ಮೇಲೆ ಬರೆದಿರುತ್ತಿದ್ದರು. ರಾತ್ರಿ ದೆವ್ವವೊಂದು ನಮಗೆ ಗೊತ್ತಿರುವವರ ದನಿಯಲ್ಲೇ ಕರೆಯುತ್ತದೆ, ತೆರೆದರೆ ಮುಗಿಯಿತು, ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ವಾಪಸು ಹೋಗಿ ಮರುದಿನ ಬರುತ್ತದೆ, ಮತ್ತೆ ಓದಿಕೊಂಡು ಹೋಗುತ್ತದೆ. ಅಕ್ಷರ ಬಲ್ಲ, ಹೇಳಿದ ಮಾತು ಕೇಳುವ ದೆವ್ವ! ಸ್ಟಾಫ್ ರೂಮಿನಲ್ಲಿ ನಾವೆಲ್ಲ ತಮಾಷೆ ಮಾಡುತ್ತಿದ್ದೆವು. 2018ರಲ್ಲಿ ಹಿಂದಿಯಲ್ಲಿ ‘ಸ್ತ್ರೀ’ ಚಿತ್ರ ಬಂದಾಗ ಇಂಥದೇ ಬಾಗಿಲ ಬರಹ ನೋಡಿ ನಮ್ಮೂರ ಹೆಂಗಸರು, “ಅಯ್ಯೋ, ಇದು ನಮ್ಮದು” ಎಂದರು. ತಮಾಷೆ ಮಾಡಿದ ದಿನವೇ ಸಂಜೆ ಅತ್ತೆ ಹೇಳಿದರೆಂದು ಸೀಮೆಸುಣ್ಣ ಹಿಡಿದು ನಮ್ಮ ಬಾಗಿಲ ಮೇಲೆ ಬರೆದವಳು ನಾನೇ. ಬಿ.ಎ., ಬಿ.ಇಡಿ. ಮಾಡಿದವಳು. ಅಕ್ಷರ ಮುತ್ತಿನ ಹಾಗೆ ಇದೆ ಎಂದು ಅತ್ತೆ ಮೆಚ್ಚಿಕೊಂಡರು.

ವಾರದೊಳಗೆ ಒಂದು ರಾತ್ರಿ ಬಾಗಿಲು ತಟ್ಟಿದ ಸದ್ದಾಯಿತು. ಯಜಮಾನರು ರಾತ್ರಿಪಾಳಿಗೆ ಹೋಗಿದ್ದರು. ಮೂರು ಸಲ ತಟ್ಟಿತು. ಆಮೇಲೆ “ಟೀಚರಮ್ಮಾ” ಎಂದು ಕರೆದ ದನಿ. ಒಡೆದ ದನಿ, ಉಸಿರು ಸಾಲದ ದನಿ. ಅತ್ತೆ ನನ್ನ ಕೈ ಹಿಡಿದರು. ನಾನು ಕೊಸರಿಕೊಳ್ಳಲಿಲ್ಲ. ಅದು ಪಾಟಿಯ ದನಿಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿರುವವರ ದನಿಯಲ್ಲೇ ತಾನೇ ಅದು ಕರೆಯುವುದು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಸಲ ಕರೆಯಿತು. ಆಮೇಲೆ ಚಪ್ಪಲಿ ಎಳೆದುಕೊಂಡು ಹೋದ ಸದ್ದು. ದೆವ್ವಕ್ಕೆ ಚಪ್ಪಲಿ ಎಲ್ಲಿಯದು ಎಂದು ಬೆಳಗಿನವರೆಗೆ ಎದ್ದು ಕುಳಿತು ಯೋಚಿಸಿದೆ. ಆದರೂ ಬಾಗಿಲು ತೆರೆಯಲಿಲ್ಲ.

ಬೆಳಿಗ್ಗೆ ಹಾಲಿನವನು ಅಂಗಡಿಯ ಜಗಲಿಯ ಮೇಲೆ ಅವಳನ್ನು ಕಂಡ. ಗೂರಲು ಹೆಚ್ಚಾಗಿ ಆಸ್ಪತ್ರೆಗೆ ಯಾರಾದರೂ ಜೊತೆಗೆ ಬರುವರೇನೋ ಎಂದು ನಾಲ್ಕು ಮನೆ ತಟ್ಟಿದ್ದಳಂತೆ. ನಾಲ್ಕು ಬಾಗಿಲ ಮೇಲೂ ‘ನಾಳೆ ಬಾ’. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಪಾಟಿ ಉಳಿದಳು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ಮಗಳು ಬಂದು ಆಂಬೂರಿಗೆ ಕರೆದುಕೊಂಡು ಹೋಗುವ ದಿನ ನಮ್ಮ ಬಾಗಿಲ ಮುಂದೆ ನಿಂತು, “ಅವತ್ತು ನಿಮಗೆ ಒಳ್ಳೆ ನಿದ್ದೆ ಅಲ್ವಾ ಟೀಚರಮ್ಮ, ಕೇಳಿಸಿರೋದಿಲ್ಲ” ಎಂದಳು. ತಪ್ಪಿಸಿಕೊಳ್ಳಲು ಅವಳೇ ಒಂದು ದಾರಿ ಮಾಡಿಕೊಟ್ಟಳು. ನಾನು “ಹೌದು ಪಾಟಿ” ಎಂದೆ. ಮತ್ತೆ ಅವಳನ್ನು ನೋಡಲಿಲ್ಲ.

ಅದಾದ ಮೇಲೆ ಒಂದೆರಡು ವರ್ಷ ದೆವ್ವದ ಪುಸ್ತಕ ಮುಟ್ಟಲಿಲ್ಲ. ತಪ್ಪು ಪುಸ್ತಕದ್ದೆಂದುಕೊಂಡೆ. ನನ್ನ ಮನಸ್ಸು ತಿರುಗಿದ್ದು ತರಗತಿಯಲ್ಲಿ. ಒಂಬತ್ತನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಮಳೆಯ ಮಧ್ಯಾಹ್ನ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸನ ‘ದಿ ಮಂಕೀಸ್ ಪಾ’ ಕಥೆ ಹೇಳುತ್ತಿದ್ದೆ. 1902ರದು. ಹಿಂದೂಸ್ಥಾನದಿಂದ ಬಂದ ಒಣಗಿದ ಕೋತಿಯ ಪಂಜ ಮೂರು ವರ ಕೊಡುತ್ತದೆ. ಇನ್ನೂರು ಪೌಂಡ್ ಬೇಡಿದರೆ, ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತನೆಂದು ಕಂಪನಿಯಿಂದ ಇನ್ನೂರು ಪೌಂಡ್ ಪರಿಹಾರ ಬರುತ್ತದೆ. ತಾಯಿಯ ಒತ್ತಾಯಕ್ಕೆ ತಂದೆ ಎರಡನೆಯ ವರದಲ್ಲಿ ಮಗನನ್ನೇ ವಾಪಸು ಬೇಡುತ್ತಾನೆ. ನಡುರಾತ್ರಿ ಬಾಗಿಲು ತಟ್ಟುವ ಸದ್ದು. ಅವಳು ಚಿಲಕ ತೆಗೆಯಲು ಹೆಣಗುತ್ತಿರುವಾಗ ತಂದೆ ನೆಲದ ಮೇಲೆ ಪಂಜಕ್ಕಾಗಿ ತಡಕಾಡುತ್ತಾನೆ.

ಅಲ್ಲಿ ನಿಲ್ಲಿಸಿ, “ಬಾಗಿಲು ತೆಗೀಬೇಕಿತ್ತಾ, ಬೇಡವಾ?” ಎಂದು ಕೇಳಿದೆ. ಬೇಡ, ಬೇಡ ಎಂದು ಇಡೀ ತರಗತಿ ಕೂಗಿತು. ಕೊನೆಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಅವಳ ತಂದೆ ಗಣಿಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. “ತೆಗೀಬೇಕಿತ್ತು ಮಿಸ್. ಮುಖ ಹೆಂಗೇ ಆಗಿದ್ರೂ ಅವರ ಮಗಾನೇ ಅಲ್ವಾ?” ಎಂದಳು. ತರಗತಿ ಸುಮ್ಮನಾಯಿತು. ನಾನು ಬೋರ್ಡಿನ ಕಡೆ ತಿರುಗಿ, ಬರೆದಿಲ್ಲದ್ದನ್ನು ಒರೆಸಿದೆ.

ಅಂದಿನಿಂದ ಭಯದ ಕಥೆಗಳನ್ನು ಎರಡು ಗುಂಪು ಮಾಡಿಕೊಂಡಿದ್ದೇನೆ. ಬಾಗಿಲಾಚೆ ಇರುವವರನ್ನು ಕಂಡರೆ ಹೆದರು ಎಂದು ಕಲಿಸುವವು ಒಂದು. ಆಚೆ ಇರುವವರು ಯಾರಿರಬಹುದು, ಒಳಗಿರುವ ನಾವು ಎಂಥವರು ಎಂದು ಕೇಳುವವು ಇನ್ನೊಂದು. ಮೊದಲನೆಯವು ಓದುವಾಗ ಹೆಚ್ಚು ಭಯ ಹುಟ್ಟಿಸುತ್ತವೆ. ಎರಡನೆಯವು ಪುಸ್ತಕ ಮುಚ್ಚಿದ ಮೇಲೆ.

ಹೊಸಬರಲ್ಲಿ ನಾನು ಮೊದಲು ಹೇಳುವುದು ಅಮೆರಿಕದ ಶರ್ಲಿ ಜಾಕ್ಸನ್‌ಳನ್ನು. 1948ರ ‘ದಿ ಲಾಟರಿ’ ಕೆಲವೇ ಪುಟಗಳ ಕಥೆ. ಅದರಲ್ಲಿ ದೆವ್ವವೇ ಇಲ್ಲ. ಚೀಟಿ ಎತ್ತಿ ತಮ್ಮಲ್ಲೇ ಒಬ್ಬರಿಗೆ ಕಲ್ಲು ಹೊಡೆಯುವ ಒಳ್ಳೆಯ ನೆರೆಹೊರೆಯವರಿದ್ದಾರೆ. 1959ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಕಾದಂಬರಿಯ ಎಲೀನರ್ ಹನ್ನೊಂದು ವರ್ಷ ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿದವಳು. ಆ ಹಾಳು ಮನೆಯಲ್ಲಿ ರಾತ್ರಿ ಬಾಗಿಲುಗಳನ್ನು ಏನೋ ಬಡಿಯುತ್ತದೆ. ನಮ್ಮ ಎದೆ ನಡುಗುವುದು ಅದಕ್ಕಲ್ಲ. ತಾಯಿ ಸತ್ತ ರಾತ್ರಿ ಗೋಡೆ ತಟ್ಟಿ ಕರೆದಿದ್ದಳು, ತಾನು ಏಳಲಿಲ್ಲ ಎಂದು ಎಲೀನರ್ ಒಮ್ಮೆ ಹೇಳಿಕೊಳ್ಳುತ್ತಾಳೆ. ಎಚ್ಚರವಾಗಿಯೂ ಮತ್ತೆ ಮಲಗಿಬಿಟ್ಟೆನೋ ಏನೋ ಎಂಬ ಅನುಮಾನ ಅವಳಿಗೇ ಇದೆ. ಆ ಪುಟ ಓದಿದ ದಿನ ನಾನು ಪುಸ್ತಕ ಮಡಿಚಿಟ್ಟು ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಸುಮ್ಮನೆ ನಿಂತಿದ್ದೆ.

ಬಾಗಿಲನ್ನು ಹೊರಗಿನಿಂದ ಹಾಕುವ ಕಥೆಗಳೂ ಇವೆ. ಅವನ್ನು ನಾವು ಹೆಂಗಸರು ಓದಲೇಬೇಕು. ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ನಲ್ಲಿ, ಹೆರಿಗೆಯ ನಂತರ ಮನಸ್ಸು ಕುಗ್ಗಿದ ಹೆಂಡತಿಯನ್ನು ವೈದ್ಯ ಗಂಡ ‘ವಿಶ್ರಾಂತಿ’ಯೆಂದು ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ. ಗೋಡೆಯ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಸಿಕ್ಕಿಕೊಂಡಿರುವುದು ಅವಳಿಗೆ ಕಾಣತೊಡಗುತ್ತದೆ. ಇದೇ ಸಂಕಟವನ್ನು ಒಂದೂ ದೆವ್ವವಿಲ್ಲದೆ ನಮ್ಮ ತ್ರಿವೇಣಿಯವರು ‘ಶರಪಂಜರ’ದಲ್ಲಿ ಬರೆದರು. ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ ಕಣ್ಣಿಗೆ ಗುಣವಾಗುವುದಿಲ್ಲ. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾರನ್ನು ನೋಡಿದವರಿಗೆ ಅದು ಪ್ರೇಮಕಥೆಯಂತೆ ನೆನಪಿದ್ದರೆ, ಪುಸ್ತಕವನ್ನು ಇನ್ನೊಮ್ಮೆ ಓದಿ. ಕನ್ನಡದಲ್ಲಿ ಅದಕ್ಕಿಂತ ಭಯಾನಕವಾದ ಮನೆ ಇನ್ನೊಂದನ್ನು ನಾನು ಕಂಡಿಲ್ಲ. ತ್ರಿವೇಣಿಯವರೇ 1963ರಲ್ಲಿ, 34ನೇ ವಯಸ್ಸಿನಲ್ಲಿ, ಹೆಣ್ಣುಮಗುವನ್ನು ಹೆತ್ತ ಕೆಲವು ದಿನಗಳಲ್ಲಿ ತೀರಿಕೊಂಡರು. ಕಾರ್ನಾಡರ 1988ರ ‘ನಾಗಮಂಡಲ’ವನ್ನೂ ಇದರ ಜೊತೆಗಿಡಿ. ಅಲ್ಲಿ ಅಪ್ಪಣ್ಣ ಹೆಂಡತಿಯನ್ನು ದಿನಾ ಬೀಗ ಹಾಕಿ ಹೋಗುತ್ತಾನೆ. ಹಾವಿಗಿಂತ ಆ ಬೀಗಕ್ಕೇ ನನಗೆ ಹೆದರಿಕೆ.

ಇಷ್ಟನ್ನೂ ಗಣಿತದ ಮೇಡಂಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಸಣ್ಣ ಕಥೆಗಳಿಂದ ಶುರುಮಾಡು ಎಂದೆ. ‘ನಾಳೆ ಬಾ’ ಸಂಗತಿಯನ್ನೂ ಹೇಳಿದೆ. ಇಷ್ಟು ವರ್ಷ ಯಜಮಾನರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳು ಹಾಳೆ ಮಡಿಚಿ, “ಈಗ ರಾತ್ರಿ ಯಾರಾದ್ರೂ ತಟ್ಟಿದ್ರೆ ತೆಗೀತೀರಾ ಮೇಡಂ?” ಎಂದು ಕೇಳಿದಳು.

ಕಾಲ ಕೆಟ್ಟಿದೆ, ಕಿಟಕಿಯಿಂದ ನೋಡದೆ ತೆಗೆಯಬೇಡ ಎಂದೇ ಅವಳಿಗೆ ಹೇಳಿದೆ. ಆದರೆ ಕಿಟಕಿಯ ತನಕವಾದರೂ ಎದ್ದು ಹೋಗಬೇಕು. ಯಾರು ಎಂದು ಕೇಳಬೇಕು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತಂದೆ ಹೋಗಿ ಅದಕ್ಕೂ ಹೆಚ್ಚು ಕಾಲವಾಯಿತು. ರಾತ್ರಿ ಹೊತ್ತು ಮನೆಗೆ ಬರುವವರು ಈಗ ಮೊದಲು ಫೋನ್ ಮಾಡುತ್ತಾರೆ. ಆದರೂ ನಮ್ಮ ಮುಂಬಾಗಿಲ ಪಕ್ಕದ ದೀಪವನ್ನು ನಾನು ಬೆಳಗಿನವರೆಗೆ ಆರಿಸುವುದಿಲ್ಲ. ಕರೆಂಟಿನ ಬಿಲ್ಲು ನೋಡಿ ಯಜಮಾನರು ಗೊಣಗುತ್ತಾರೆ. ಆರಿಸು ಎಂದು ಮಾತ್ರ ಹೇಳುವುದಿಲ್ಲ.